ನ್ಯೂಕ್ಲಿಯರ್ ಗೇಜ್ ಮೇಲೆ ರೋಲರ್ ಹತ್ತಿದರೆ ಏನು ಮಾಡಬೇಕು, ಏನು ಮಾಡಬಾರದು

ಮೊದಲೇ ಹೇಳಿಬಿಡುತ್ತೇನೆ. ರಸ್ತೆಯ ಲೇಯರ್ ಎಷ್ಟು ಗಟ್ಟಿ ಇದೆ ಅಂತ ವಿಕಿರಣದಿಂದ ಅಳೆಯುವ ಈ ಮಷಿನ್ ಮುಟ್ಟಬೇಡಿ. ರೋಲರ್ ಹಿಂದಕ್ಕೆ ತೆಗೆಸಬೇಡಿ. ಜನರನ್ನು ದೂರ ಕಳಿಸಿ, ಆರ್‌ಎಸ್‌ಒಗೆ (ವಿಕಿರಣ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿಗೆ) ಫೋನ್ ಹಚ್ಚಿ. ಈಗ ನಿಮ್ಮ ಕಣ್ಣ ಮುಂದೆಯೇ ಗೇಜ್ ಜಜ್ಜಿ ಬಿದ್ದಿದ್ದರೆ ಇಷ್ಟು ಮಾಡಿ, ಉಳಿದದ್ದನ್ನು ದೂರ ನಿಂತು ಓದಿ.

ಹುಬ್ಬಳ್ಳಿ-ಧಾರವಾಡ ಬೈಪಾಸ್ ಕೆಲಸ ಇರಲಿ, ಗದಗ ಕಡೆಯ ಹೆದ್ದಾರಿ ಇರಲಿ, ಹಾವೇರಿ-ರಾಣೆಬೆನ್ನೂರು ಕಡೆ ಸರ್ವಿಸ್ ರೋಡ್ ಇರಲಿ, ಕೆಳಗಿನ ಲೇಯರ್ ಎಷ್ಟು ಗಟ್ಟಿಯಾಗಿ ಕೂತಿದೆ ಅಂತ ನೋಡದೆ ಮೇಲಿನದನ್ನು ಹಾಕುವ ಹಾಗಿಲ್ಲ. ಅದರಲ್ಲೂ ನಮ್ಮದು ಎರೆ ಭೂಮಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಜಾಸ್ತಿ ಸೈಟ್‌ಗಳಲ್ಲಿ ಇನ್ನೂ ಸ್ಯಾಂಡ್ ರಿಪ್ಲೇಸ್‌ಮೆಂಟ್ ಅಥವಾ ಕೋರ್ ಕಟರ್‌ನಲ್ಲೇ ಡೆನ್ಸಿಟಿ ತೆಗೆಯುತ್ತಾರೆ. ದೊಡ್ಡ ಪ್ಯಾಕೇಜ್‌ಗಳಲ್ಲಿ ಮಾತ್ರ ಹಳದಿ ಪೆಟ್ಟಿಗೆಯ ಈ ಮಷಿನ್ ಕಾಣುತ್ತದೆ, ಒಂದು ನಿಮಿಷದಲ್ಲಿ ಡೆನ್ಸಿಟಿ ಮತ್ತು ಮಾಯಿಶ್ಚರ್ ಎರಡನ್ನೂ ಕೊಡುತ್ತದೆ ಅಂತ. ಅಪರೂಪಕ್ಕೆ ಬರುವ ಮಷಿನ್ ಆದ್ದರಿಂದಲೇ ತೊಂದರೆ. ರೋಲರ್ ಆಪರೇಟರ್‌ಗೆ, ಟಿಪ್ಪರ್ ಡ್ರೈವರ್‌ಗೆ, ಎಷ್ಟೋ ಸಲ ಜೂನಿಯರ್ ಇಂಜಿನಿಯರ್‌ಗೂ ಅದರೊಳಗೆ ಏನಿದೆ ಅಂತ ಯಾರೂ ಕೂರಿಸಿ ಹೇಳಿರುವುದಿಲ್ಲ.

ಒಳಗೆ ಏನಿದೆ

ಎರಡು ಸೋರ್ಸ್, ಅಂದರೆ ವಿಕಿರಣ ಸೂಸುವ ತುಂಡುಗಳು, ಇವೆ. ಒಂದು ಸೀಸಿಯಂ-137, ಸಾಮಾನ್ಯ ಮಾದರಿಗಳಲ್ಲಿ 8ರಿಂದ 10 ಮಿಲಿಕ್ಯೂರಿ (ಸೋರ್ಸ್ ಎಷ್ಟು ಜೋರು ಅನ್ನುವ ಅಳತೆ). ಇದು ಉದ್ದ ಸ್ಟೀಲ್ ರಾಡ್‌ನ ತುದಿಯಲ್ಲಿ ಇರುತ್ತದೆ. ಹ್ಯಾಂಡಲ್ ಒತ್ತಿ ಕೆಳಗೆ ಇಳಿಸಿದಾಗ ಮಣ್ಣಿನ ತೂತಿನೊಳಗೆ ಹೋಗುವುದು ಇದೇ. ಇದರಿಂದ ಗಾಮಾ ಕಿರಣ ಬರುತ್ತದೆ. ಇನ್ನೊಂದು ಅಮೆರಿಸಿಯಂ-241 ಮತ್ತು ಬೆರಿಲಿಯಂ ಸೇರಿಸಿದ್ದು, 40ರಿಂದ 50 ಮಿಲಿಕ್ಯೂರಿ, ಮಷಿನ್ ತಳದಲ್ಲೇ ಕೂತಿರುತ್ತದೆ, ಎಲ್ಲಿಗೂ ಚಲಿಸುವುದಿಲ್ಲ. ಇದರಿಂದ ನ್ಯೂಟ್ರಾನ್ ಬರುತ್ತದೆ, ಮಾಯಿಶ್ಚರ್ ಓದುವುದು ಇದರಿಂದ. ಸೀಸಿಯಂ ಅರ್ಧಕ್ಕೆ ಇಳಿಯಲು ಸುಮಾರು 30 ವರ್ಷ ಬೇಕು, ಅಮೆರಿಸಿಯಂಗೆ 430 ವರ್ಷಕ್ಕಿಂತ ಜಾಸ್ತಿ. ಆದ್ದರಿಂದ "ಹಳೇ ಮಷಿನ್ ರೀ ಸರ್, ಪವರ್ ಹೋಗಿರ್ತೈತಿ" ಅನ್ನುವ ಮಾತಿಗೆ ಅರ್ಥ ಇಲ್ಲ.

ಎರಡೂ ಸೋರ್ಸ್‌ಗಳನ್ನು ಸ್ಟೇನ್‌ಲೆಸ್ ಸ್ಟೀಲಿನ ಚಿಕ್ಕ ಕ್ಯಾಪ್ಸೂಲ್‌ನಲ್ಲಿ ಹಾಕಿ ವೆಲ್ಡ್ ಮಾಡಿರುತ್ತಾರೆ. ಈ ಜಾತಿಯ ಕ್ಯಾಪ್ಸೂಲ್‌ಗಳನ್ನು 9 ಮೀಟರ್ ಎತ್ತರದಿಂದ ಬೀಳಿಸಿ, 800 ಡಿಗ್ರಿ ಶಾಖದಲ್ಲಿ ಇಟ್ಟು ಪರೀಕ್ಷೆ ಮಾಡಿರುತ್ತಾರೆ. ಹಾಗಾಗಿ ರೋಲರ್ ಹತ್ತಿದರೂ ಪ್ಲಾಸ್ಟಿಕ್ ಮೈ, ಕೀಪ್ಯಾಡ್, ಹ್ಯಾಂಡಲ್ ಪುಡಿಯಾಗಬಹುದು, ಕ್ಯಾಪ್ಸೂಲ್ ಒಡೆಯುವುದು ತೀರಾ ಕಡಿಮೆ. ಕಡಿಮೆ ಅಂದ ಮಾತ್ರಕ್ಕೆ ಒಡೆದಿಲ್ಲ ಅಂತ ನಾವೇ ತೀರ್ಮಾನ ಮಾಡುವಂತಿಲ್ಲ, ಅದನ್ನು ವಿಕಿರಣ ಅಳೆಯುವ ಮೀಟರ್ ಹೇಳಬೇಕು.

ಇನ್ನೊಂದು ಭಾಗದ ಬಗ್ಗೆ ಗೊತ್ತಿರಲೇಬೇಕು. ಹ್ಯಾಂಡಲ್ ಪೂರ್ತಿ ಮೇಲೆ, ಸೇಫ್ ಅನ್ನುವ ಜಾಗದಲ್ಲಿ ಇದ್ದಾಗ ಸೀಸಿಯಂ ತುದಿ ಮಷಿನ್ ಒಳಗಿನ, ಕಿರಣ ತಡೆಯುವ ಶೀಲ್ಡ್‌ನೊಳಗೆ ಇರುತ್ತದೆ. ಅದರ ಕೆಳಗೆ ಸ್ಪ್ರಿಂಗ್ ಇರುವ ಒಂದು ಭಾರದ ಲೋಹದ ತುಂಡು ಸರಿದು ಬಂದು ಬಾಯಿ ಮುಚ್ಚುತ್ತದೆ. ಇದೇ ಶಟರ್. ಸರಿಯಾಗಿ ಮುಚ್ಚಿದರೆ ಟಕ್ ಅಂತ ಸಣ್ಣ ಸದ್ದು ಕೇಳುತ್ತದೆ. ಮಳೆಗಾಲದಲ್ಲಿ ಎರೆ ಮಣ್ಣು ರಾಡ್‌ಗೆ ಅಂಟಿಕೊಂಡು ಒಳಗೆ ಹೋಗಿ ಈ ತುಂಡಿನ ದಾರಿಯಲ್ಲಿ ಕೂತು ಒಣಗಿತು ಅಂದರೆ ಶಟರ್ ಅರ್ಧಕ್ಕೇ ನಿಲ್ಲುತ್ತದೆ. ಹ್ಯಾಂಡಲ್ ಮೇಲೆ ಇರುತ್ತದೆ, ನೋಡಿದವರಿಗೆ ಎಲ್ಲ ಸರಿ ಅನಿಸುತ್ತದೆ, ಬಾಯಿ ಮಾತ್ರ ತೆರೆದೇ ಇರುತ್ತದೆ. ರೋಲರ್ ಹತ್ತದೆಯೂ ಗೇಜ್ ಕೆಟ್ಟಿದೆ ಅನ್ನಿಸುವ ಸ್ಥಿತಿ ಇದು, ಇದಕ್ಕೂ ಕೆಳಗೆ ಬರೆದದ್ದೇ ಅನ್ವಯ.

ಎಷ್ಟು ಹೆದರಬೇಕು

ಲೆಕ್ಕ ಹಾಕಿ ನೋಡೋಣ, ಸುಮ್ನೆ ಹೆದರಿಕೊಂಡು ಓಡುವುದಕ್ಕಿಂತ ಅದು ಒಳ್ಳೆಯದು. 10 ಮಿಲಿಕ್ಯೂರಿ ಸೀಸಿಯಂ ಪೂರ್ತಿ ಬಯಲಿಗೆ ಬಿದ್ದಿದೆ ಅಂತ ಇಟ್ಟುಕೊಳ್ಳಿ. 1 ಮೀಟರ್ ದೂರದಲ್ಲಿ ಗಂಟೆಗೆ ಸುಮಾರು 30 ಮೈಕ್ರೋಸೀವರ್ಟ್ (ಮೈಗೆ ಬೀಳುವ ವಿಕಿರಣದ, ಅಂದರೆ ಡೋಸ್‌ನ ಅಳತೆ) ಬರುತ್ತದೆ. ದೂರ ಎರಡು ಪಟ್ಟಾದರೆ ಡೋಸ್ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಆದ್ದರಿಂದ 5 ಮೀಟರ್‌ನಲ್ಲಿ ಒಂದು ಮೈಕ್ರೋಸೀವರ್ಟ್‌ನ ಆಸುಪಾಸು, 30 ಮೀಟರ್‌ನಲ್ಲಿ ನೆಲ ಮತ್ತು ಆಕಾಶದಿಂದ ದಿನಾ ಬರುವ ವಿಕಿರಣಕ್ಕಿಂತಲೂ ಕಡಿಮೆ. ಸಾಮಾನ್ಯ ಜನರಿಗೆ ವರ್ಷದ ಮಿತಿ 1 ಮಿಲಿಸೀವರ್ಟ್, ಅಂದರೆ 1000 ಮೈಕ್ರೋಸೀವರ್ಟ್. ಒಂದು ಮೀಟರ್ ದೂರದಲ್ಲಿ ಹತ್ತು ನಿಮಿಷ ನಿಂತವನಿಗೆ ಐದು ಮೈಕ್ರೋಸೀವರ್ಟ್ ಬಂದಿರುತ್ತದೆ, ಒಂದು ಎದೆಯ ಎಕ್ಸ್‌ರೇಗಿಂತ ಕಡಿಮೆ.

ಈಗ ಅದೇ ಲೆಕ್ಕವನ್ನು ಉಲ್ಟಾ ಹಾಕಿ. 10 ಸೆಂಟಿಮೀಟರ್ ದೂರದಲ್ಲಿ ಗಂಟೆಗೆ 3 ಮಿಲಿಸೀವರ್ಟ್. 1 ಸೆಂಟಿಮೀಟರ್‌ನಲ್ಲಿ ಗಂಟೆಗೆ 300 ಮಿಲಿಸೀವರ್ಟ್. ತುದಿ ಹಿಡಿದು ಎತ್ತಿದವನ ಬೆರಳಿಗೆ ಒಂದೇ ನಿಮಿಷದಲ್ಲಿ 5 ಮಿಲಿಸೀವರ್ಟ್, ಹೊಳೆಯುವ ತುಂಡು ಚೆನ್ನಾಗಿದೆ ಅಂತ ಪ್ಯಾಂಟ್ ಜೇಬಿಗೆ ಹಾಕಿಕೊಂಡು ಸಂಜೆವರೆಗೆ ಓಡಾಡಿದವನ ತೊಡೆಗೆ ನಿಜವಾದ ಗಾಯ. ಅಂದರೆ ನಾಲ್ಕು ಹೆಜ್ಜೆ ದೂರ ಇದ್ದವನಿಗೆ ಇದು ಚಿಕ್ಕ ವಿಷಯ, ಕೈಯಲ್ಲಿ ಹಿಡಿದವನಿಗೆ ದೊಡ್ಡದು. ಮುಟ್ಟಬೇಡಿ, ಎತ್ತಬೇಡಿ ಅಂತ ಪದೇ ಪದೇ ಹೇಳುವುದು ಇದಕ್ಕೇ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಪೈಪ್‌ಲೈನ್ ವೆಲ್ಡಿಂಗ್ ಜಾಯಿಂಟ್‌ಗಳ ಫೋಟೋ ತೆಗೆಯುವ ರೇಡಿಯೋಗ್ರಫಿ ಕ್ಯಾಮೆರಾ ಬೇರೆ. ಅದರಲ್ಲಿ ಇರಿಡಿಯಂ-192 ಹತ್ತಾರು ಕ್ಯೂರಿ ಇರುತ್ತದೆ, ಗೇಜ್‌ಗಿಂತ ಸಾವಿರಾರು ಪಟ್ಟು. ಅದರ ಸೋರ್ಸ್ ಹೊರಗೆ ಸಿಕ್ಕಿಕೊಂಡಿದ್ದರೆ ಮೇಲಿನ ಯಾವ ಲೆಕ್ಕವೂ ನಡೆಯುವುದಿಲ್ಲ. ದೂರ ಓಡಿ, ಎಲ್ಲರನ್ನೂ ಓಡಿಸಿ, ಆ ಕಂಪನಿಯ ರೇಡಿಯೋಗ್ರಾಫರ್ ಮತ್ತು ಆರ್‌ಎಸ್‌ಒ ಬರುವವರೆಗೆ ಆ ಕಡೆ ತಿರುಗಿಯೂ ನೋಡಬೇಡಿ.

ಮೊದಲ ಹತ್ತು ನಿಮಿಷ

ಯಾರಿಗಾದರೂ ಪೆಟ್ಟಾಗಿದೆಯಾ ನೋಡಿ. ಗೇಜ್ ಆಪರೇಟರ್ ಕಾಲಿನ ಮೇಲೆ ಚಕ್ರ ಹತ್ತಿರಬಹುದು, ಓಡುವ ಗಡಿಬಿಡಿಯಲ್ಲಿ ಕಲ್ಲಿನ ರಾಶಿ ಮೇಲೆ ಬಿದ್ದಿರಬಹುದು. ಅವನನ್ನು ಎತ್ತಿ ದೂರ ಒಯ್ಯಿರಿ, ರಕ್ತ ನಿಲ್ಲಿಸಿ, 108ಕ್ಕೆ ಫೋನ್ ಮಾಡಿ. ವಿಕಿರಣ ಇದೆ ಅಂತ ಗಾಯಾಳುವನ್ನು ಅಲ್ಲೇ ಬಿಡುವುದು ತಪ್ಪು, ಅವನನ್ನು ಎಳೆದುಕೊಂಡು ಬರುವ ಅರ್ಧ ನಿಮಿಷಕ್ಕೆ ನಿಮಗೆ ಏನೂ ಆಗುವುದಿಲ್ಲ. ಆಂಬುಲೆನ್ಸ್‌ನವರಿಗೂ ಆಸ್ಪತ್ರೆಯವರಿಗೂ ಮಾತ್ರ ಒಂದು ಮಾತು ಹೇಳಿ: ರೇಡಿಯೋಆಕ್ಟಿವ್ ಮಷಿನ್ ಹತ್ತಿರ ಆದ ಅಪಘಾತ, ಬಟ್ಟೆ-ಬೂಟು ತೆಗೆದು ಬೇರೆ ಚೀಲದಲ್ಲಿ ಕಟ್ಟಿ ಇಡಿ, ಮೀಟರ್ ಹಿಡಿದು ನೋಡುವವರೆಗೆ ಎಸೆಯಬೇಡಿ ಅಂತ.

ರೋಲರ್ ಇಂಜಿನ್ ಆಫ್ ಮಾಡಿಸಿ, ಆಪರೇಟರ್ ಗೇಜ್ ಇಲ್ಲದ ಕಡೆಯಿಂದ ಇಳಿಯಲಿ. ಇಲ್ಲೇ ಜಾಸ್ತಿ ಎಡವಟ್ಟಾಗುವುದು. ಡ್ರಮ್ ಕೆಳಗೆ ಮಷಿನ್ ಸಿಕ್ಕಿದೆ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು "ಹಿಂದ ತಗೀರಿ, ಹಿಂದ ತಗೀರಿ" ಅಂತ. ತೆಗೆದರೆ ರಾಡ್ ಇನ್ನಷ್ಟು ಬಾಗುತ್ತದೆ, ತುಂಡಾಗಬಹುದು, ತುದಿ ಡ್ರಮ್‌ಗೆ ಅಂಟಿದ ಮಣ್ಣಿನ ಜೊತೆ ಇನ್ನೂರು ಮೀಟರ್ ಆಚೆ ಹೋಗಿ ಬೀಳಬಹುದು. ಆಮೇಲೆ ಬೆರಳಿನ ತುದಿಗಿಂತ ಚಿಕ್ಕ ಲೋಹದ ತುಂಡನ್ನು ಜಲ್ಲಿಯಲ್ಲಿ ಹುಡುಕುವುದು ನೀವೇ. ರೋಲರ್ ಇದ್ದ ಜಾಗದಲ್ಲೇ ನಿಲ್ಲಲಿ. ಸಂಜೆ ಶಿಫ್ಟ್‌ಗೆ ಬೇಕು ಅಂದರೂ ನಿಲ್ಲಲಿ.

ಆಮೇಲೆ ದೂರ. ಗೇಜ್ ಮಾಡುವ ಕಂಪನಿಗಳು ಸಾಮಾನ್ಯವಾಗಿ 5 ಮೀಟರ್ ಅನ್ನುತ್ತವೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ತುರ್ತು ಸಿಬ್ಬಂದಿಗೆ ಕೊಟ್ಟ ಸೂಚನೆಯಲ್ಲಿ, ಶೀಲ್ಡ್ ಹೋಗಿರಬಹುದಾದ ಸೋರ್ಸ್ ಸುತ್ತ ಮೊದಲಿಗೆ 30 ಮೀಟರ್ ಖಾಲಿ ಮಾಡಿ ಅಂತಿದೆ. ನನ್ನ ಪ್ರಕಾರ ಕೈಯಲ್ಲಿ ಮೀಟರ್ ಇಲ್ಲದಿದ್ದರೆ 30 ಮೀಟರ್ ಅಂತಲೇ ಇಟ್ಟುಕೊಳ್ಳಿ, ಅಂದಾಜು ನಲವತ್ತು ಹೆಜ್ಜೆ. 5 ಮೀಟರ್ ಅಂದರೆ ನಮ್ಮ ಜನ ಮೂರು ಮೀಟರ್‌ಗೆ ಬಂದು ನಿಲ್ಲುತ್ತಾರೆ, ಒಬ್ಬ ಮೊಬೈಲ್ ಹಿಡಿದು ಇನ್ನೂ ಮುಂದೆ ಬರುತ್ತಾನೆ. 30 ಅಂದರೆ 20ಕ್ಕಾದರೂ ನಿಲ್ಲುತ್ತಾರೆ ಅಲ್ವಾ? ಬ್ಯಾರಿಕೇಡ್ ಟೇಪ್, ಕೋನ್, ಡ್ರಮ್, ಏನು ಸಿಗುತ್ತದೋ ಅದನ್ನು ಸುತ್ತ ಹಾಕಿ. ಟೇಪ್ ಇಲ್ಲದಿದ್ದರೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಿರಿ. ಒಂದು ಬದಿ ಟ್ರಾಫಿಕ್ ಓಡುತ್ತಿದ್ದರೆ ಆ ಲೇನ್ ಬಂದ್ ಮಾಡಿಸಿ, ಗಾಡಿಗಳು ಅದರ ಮೇಲೆ ಹೋಗದಂತೆ ನೋಡಿಕೊಳ್ಳುವುದೇ ಮುಖ್ಯ.

ಸೈಟ್‌ನಲ್ಲಿ ಕೂಲಿ ಕೆಲಸದ ಹೆಣ್ಣುಮಕ್ಕಳು ಕೂಸುಗಳನ್ನು ಗಿಡದ ಕೆಳಗೆ ಮಲಗಿಸಿರುತ್ತಾರೆ, ಮೊದಲು ಆ ಕಡೆ ನೋಡಿ. ಬಸುರಿಯರು ಮತ್ತು ಮಕ್ಕಳನ್ನು ಮೊದಲು ಕಳಿಸಿ. ರೋಲರ್, ಪೇವರ್ ಆಪರೇಟರ್‌ಗಳು ಹೊರಗಿನವರಾದರೆ ಕನ್ನಡದಲ್ಲಿ ಕೂಗಿದರೆ ತಲುಪುವುದಿಲ್ಲ, "ದೂರ್ ಹಟೋ, ಹಾಥ್ ಮತ್ ಲಗಾನಾ" ಅಂತಲೂ ಕೂಗಿ.

ಒಬ್ಬ ಕಾವಲಿಗೆ ನಿಲ್ಲಲೇಬೇಕು. ಆರ್‌ಎಸ್‌ಒ ಬೆಂಗಳೂರಿನಿಂದ ಬರುವುದಾದರೆ ಏಳೆಂಟು ಗಂಟೆ ಆಗಬಹುದು, ಅಷ್ಟರಲ್ಲಿ ಊಟ, ಚಹಾ, ಕತ್ತಲೆ ಎಲ್ಲ ಬರುತ್ತದೆ. ಪಾಳಿ ಹಾಕಿಕೊಳ್ಳಿ, ಲೈಟ್ ಹಾಕಿಸಿ, ಟೇಪ್‌ನ ಹೊರಗೇ ನಿಲ್ಲಿಸಿ. ಕಾವಲು ಇಲ್ಲದೆ ಬಿಟ್ಟ ಲೋಹ ನಮ್ಮ ಹೆದ್ದಾರಿಯಲ್ಲಿ ಬೆಳಗಿನವರೆಗೆ ಇರುತ್ತದೆ ಅಂತ ನಂಬುವವರು ಯಾರೂ ಇಲ್ಲ.

ದೂರದಿಂದ ನೋಡಬೇಕಾದದ್ದು

ಹತ್ತಿರ ಹೋಗಿ ಬಗ್ಗಿ ನೋಡುವುದು ಬೇಡ. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಫೋಟೋ ತೆಗೆಯಿರಿ, ಎರಡು-ಮೂರು ಕಡೆಯಿಂದ. ಆರ್‌ಎಸ್‌ಒಗೆ ಇದೇ ಕಣ್ಣು. ಅವರು ಮೊದಲು ಕೇಳುವುದು ಹ್ಯಾಂಡಲ್ ಎಲ್ಲಿದೆ ಅಂತ: ಮೇಲೆ ಸೇಫ್‌ನಲ್ಲಿದೆಯೋ, ಕೆಳಗೆ ಇಳಿದಿದೆಯೋ. ಕೆಳಗೆ ಇದ್ದರೆ ರಾಡ್ ಮಣ್ಣಿನ ತೂತಿನಲ್ಲೇ ಇದೆಯೋ, ಮಷಿನ್ ಅಡ್ಡ ಬಿದ್ದು ರಾಡ್ ಗಾಳಿಯಲ್ಲಿ ಚಾಚಿಕೊಂಡಿದೆಯೋ. ಬಾಗಿದೆಯೋ, ಮುರಿದಿದೆಯೋ. ಮಷಿನ್ ತಳದ ಲೋಹದ ಪ್ಲೇಟ್ ಬಿಚ್ಚಿಕೊಂಡಿದೆಯೋ.

ರಾಡ್ ಮಣ್ಣಿನೊಳಗೇ ಇದ್ದರೆ ಅದೊಂದು ರೀತಿ ಅದೃಷ್ಟ. ಸುತ್ತಲಿನ ಮಣ್ಣೇ ಶೀಲ್ಡ್ ಆಗಿರುತ್ತದೆ. ಅದನ್ನು ಹೊರಗೆ ಎಳೆದು "ಸುರಕ್ಷಿತವಾಗಿ" ಪೆಟ್ಟಿಗೆಗೆ ಹಾಕುತ್ತೇನೆ ಅನ್ನುವವನು ಇರುವ ಶೀಲ್ಡನ್ನೇ ತೆಗೆಯುತ್ತಿದ್ದಾನೆ.

ಫೋನ್

ಮೊದಲು ಆರ್‌ಎಸ್‌ಒ, ಅಂದರೆ ರೇಡಿಯೋಲಾಜಿಕಲ್ ಸೇಫ್ಟಿ ಆಫೀಸರ್. ಗೇಜ್ ಇಟ್ಟುಕೊಂಡ ಪ್ರತಿ ಸಂಸ್ಥೆಗೂ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಎಲ್ಲರೂ ಎಇಆರ್‌ಬಿ ಅನ್ನುವುದು, ಒಪ್ಪಿದ ಆರ್‌ಎಸ್‌ಒ ಇರಬೇಕು. ಅವರ ನಂಬರ್ ಗೇಜ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿರಬೇಕು. ಜೊತೆಗೆ ಸೈಟ್ ಆಫೀಸ್ ಗೋಡೆ ಮೇಲೂ ಇರಲಿ, ಯಾಕೆಂದರೆ ಪೆಟ್ಟಿಗೆ ಎಷ್ಟೋ ಸಲ ಮಷಿನ್ ಪಕ್ಕದಲ್ಲೇ, ಟೇಪ್‌ನ ಒಳಗೇ ಬಿದ್ದಿರುತ್ತದೆ. ಆಮೇಲೆ ಪ್ರಾಜೆಕ್ಟ್ ಮ್ಯಾನೇಜರ್, ಗೇಜ್ ಸಪ್ಲೈಯರ್. ಎಇಆರ್‌ಬಿಗೆ ಲೈಸೆನ್ಸ್ ಇದ್ದವರು ತಕ್ಷಣ ತಿಳಿಸಬೇಕು, ಆರ್‌ಎಸ್‌ಒ ಸಿಗದಿದ್ದರೆ ನೀವೇ ತಿಳಿಸಿ. ಪೊಲೀಸರು, ಅಗ್ನಿಶಾಮಕ ದಳ ಬೇಕಾದರೆ 112.

ಫೋನಿನಲ್ಲಿ "ಸರ್, ಮಷಿನ್ ಹೋಯ್ತು, ಬೇಗ ಬರ್ರಿ" ಅಂದರೆ ಏನೂ ತಿಳಿಯುವುದಿಲ್ಲ. ಹೀಗೆ ಹೇಳಿ: "ಸರ್, ಗಬ್ಬೂರ ಕ್ರಾಸ್ ದಾಟಿ ಇಷ್ಟನೇ ಕಿಲೋಮೀಟರ್, ಎಡಗಡೆ ಕ್ಯಾರೇಜ್‌ವೇ. ಇಂಥ ಮಾಡೆಲ್, ಇಂಥ ಸೀರಿಯಲ್ ನಂಬರ್. ಹನ್ನೊಂದೂಕಾಲಿಗೆ ರೋಲರ್ ಹತ್ತೈತ್ರಿ. ಹ್ಯಾಂಡಲ್ ಕೆಳಗ ಐತಿ, ರಾಡ್ ಬಾಗೈತಿ, ತುದಿ ಕಾಣವಲ್ದು. ಯಾರಿಗೂ ಪೆಟ್ಟಾಗಿಲ್ಲ. ರೋಲರ್ ಅಲ್ಲೇ ನಿಲ್ಸೀವಿ. ಮಂದಿನ್ನ ಮೂವತ್ತು ಮೀಟರ್ ದೂರ ಕಳಿಸೀವಿ." ಇಷ್ಟು ಕೇಳಿದರೆ ಬರುವವರು ಏನೇನು ಹೊತ್ತು ತರಬೇಕು ಅಂತ ಅಲ್ಲೇ ಲೆಕ್ಕ ಹಾಕುತ್ತಾರೆ.

ಆರ್‌ಎಸ್‌ಒ ಬರುವುದು ತಡ ಅಂದರೆ ಅವರ ಮೂಲಕವೇ ಇನ್ನೊಂದು ದಾರಿ ಕೇಳಿ ನೋಡಿ. ರೇಡಿಯೇಷನ್ ಚಿಕಿತ್ಸೆ ಕೊಡುವ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಮೆಡಿಕಲ್ ಫಿಸಿಸಿಸ್ಟ್ ಇರುತ್ತಾರೆ, ಅವರ ಹತ್ತಿರ ಸರ್ವೇ ಮೀಟರ್ ಇರುತ್ತದೆ. ಅವರು ಬಂದು ಗೇಜ್ ಎತ್ತುವುದಿಲ್ಲ, ಎತ್ತಲೂಬಾರದು. ಆದರೆ ಎಲ್ಲಿ ಎಷ್ಟು ಇದೆ ಅಂತ ದೂರದಿಂದ ಅಳೆದು ಹೇಳಿದರೆ ಅರ್ಧ ಗಾಬರಿ ಇಳಿಯುತ್ತದೆ.

ಕಾಯುವ ಹೊತ್ತಿನಲ್ಲಿ ಮಾಡುವ ಕೆಲಸ

ಒಂದು ಹಾಳೆ ತೆಗೆದುಕೊಳ್ಳಿ. ಯಾರು ಯಾರು ಹತ್ತಿರ ಇದ್ದರು, ಎಷ್ಟು ದೂರ, ಎಷ್ಟು ಹೊತ್ತು, ಯಾರಾದರೂ ಮುಟ್ಟಿದರಾ, ಯಾವ ಕೈಯಲ್ಲಿ. ಸಂಜೆಗೆ ಕೇಳಿದರೆ ಎಲ್ಲರೂ "ನಾ ಅಲ್ಲಿರ್ಲೇ ಇಲ್ರೀ" ಅನ್ನುತ್ತಾರೆ, ಅಥವಾ ಹೆದರಿ ಅರ್ಧ ಊರೇ ಇತ್ತು ಅನ್ನುತ್ತಾರೆ. ಈಗಲೇ ಬರೆದುಕೊಂಡರೆ ಆಮೇಲೆ ಪ್ರತಿಯೊಬ್ಬನ ಡೋಸ್ ಲೆಕ್ಕ ಹಾಕಬಹುದು. ಗೇಜ್ ಆಪರೇಟರ್‌ನ ಟಿಎಲ್‌ಡಿ ಬ್ಯಾಡ್ಜ್ (ಮೈಗೆ ಬಿದ್ದ ಡೋಸ್ ಹಿಡಿದಿಡುವ ಬಿಲ್ಲೆ) ಬಿಚ್ಚಬೇಡಿ, ತೊಳೆಯಬೇಡಿ. ಮಾಮೂಲಾಗಿ ಮೂರು ತಿಂಗಳಿಗೊಮ್ಮೆ ಓದುವ ಬ್ಯಾಡ್ಜ್ ಅದು, ಅಪಘಾತ ಆದರೆ ಕೂಡಲೇ ಕಳಿಸಿ ಓದಿಸಬಹುದು.

ಸುತ್ತ ಓಡಾಡಿದವರು ಬೂಟು ಜಾಡಿಸಿ ಮನೆಗೆ ಹೋಗುವುದು ಬೇಡ. ಕ್ಯಾಪ್ಸೂಲ್ ಒಡೆದಿದ್ದರೆ ಧೂಳು ಬೂಟಿನಲ್ಲೇ ಮೊದಲು ಇರುವುದು. ಟೇಪ್‌ನ ಹೊರಗೆ ಒಂದು ಕಡೆ ಕೂರಿಸಿ, ನೀರು ಕೊಡುವ ಮುಂಚೆ ಕೈ ತೊಳೆಸಿ, ಅಲ್ಲಿ ಬೀಡಿ-ಗುಟ್ಕಾ ಬೇಡ ಅನ್ನಿ. ಅಮೆರಿಸಿಯಂ ಹೊರಗಿದ್ದಾಗ ಅಷ್ಟು ಕಾಡುವುದಿಲ್ಲ, ಬಾಯಿ-ಮೂಗಿನಿಂದ ಒಳಗೆ ಹೋದರೆ ಕಾಡುತ್ತದೆ.

ಮೈಮೇಲೆ ಕಿರಣ ಬಿದ್ದವನಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಎಕ್ಸ್‌ರೇ ತೆಗೆಸಿಕೊಂಡು ಬಂದವನಿಂದ ಹೆಂಡತಿಗೆ ಏನೂ ಆಗುವುದಿಲ್ಲವಲ್ಲ, ಹಾಗೆ. ಧೂಳು ಮೈಗೆ ಅಂಟಿದ್ದರೆ ಮಾತ್ರ ಬೇರೆ ಮಾತು, ಅದೂ ಸೋಪು-ನೀರಿಗೆ ಬಹುತೇಕ ಹೋಗುತ್ತದೆ. ಈ ಎರಡರ ವ್ಯತ್ಯಾಸ ಹೇಳದಿದ್ದರೆ ಪಕ್ಕದ ಊರಿನಲ್ಲಿ ಸಂಜೆಯೊಳಗೆ ಬಾಂಬ್ ಬಿದ್ದ ಸುದ್ದಿ ಹರಡುತ್ತದೆ, ವಾಟ್ಸಾಪ್ ಇದೆಯಲ್ಲ. ಗ್ರಾಮ ಪಂಚಾಯಿತಿಯವರು ಬಂದು ಕೇಳಿದರೆ ಮುಚ್ಚಿಡಬೇಡಿ: "ಅಣ್ಣಾ, ರಸ್ತೆ ಅಳೆಯೋ ಮಷಿನ್ ಕೆಟ್ಟೈತಿ, ಒಳಗ ಸಣ್ಣ ರೇಡಿಯೇಷನ್ ತುಂಡು ಐತಿ, ದೂರ ಇದ್ರ ಏನೂ ಆಗಂಗಿಲ್ಲ, ಮುಟ್ಟಬ್ಯಾಡ್ರಿ ಅಷ್ಟ." ಇಷ್ಟು ನೇರವಾಗಿ ಹೇಳಿದರೆ ಜನ ಕೇಳುತ್ತಾರೆ. "ಏನೂ ಇಲ್ಲ, ಹೋಗ್ರಿ" ಅಂದರೆ ಇನ್ನೂ ಹತ್ತಿರ ಬರುತ್ತಾರೆ.

ಬೆಂಕಿ ಬಿದ್ದರೆ, ಉದಾಹರಣೆಗೆ ಗೇಜ್ ಇದ್ದ ಪಿಕಪ್ ಗಾಡಿ ಹೊತ್ತಿಕೊಂಡರೆ, ಹೊಗೆ ಹೋಗುವ ಕಡೆ ನಿಲ್ಲಬೇಡಿ, ಇನ್ನೂ ದೂರ ಹೋಗಿ. ಸೀಸ 327 ಡಿಗ್ರಿಗೆ ಕರಗುತ್ತದೆ, ಶೀಲ್ಡ್‌ನಲ್ಲಿ ಸೀಸ ಇದ್ದರೆ ಅದು ಹರಿದು ಹೋಗಿರಬಹುದು. ಬೆಂಕಿ ಆರಿಸುವವರಿಗೆ ಗಾಡಿಯಲ್ಲಿ ಏನಿದೆ ಅಂತ ಅವರು ಬರುವ ಮೊದಲೇ ಹೇಳಿ.

ಆರ್‌ಎಸ್‌ಒ ಬಂದ ಮೇಲೆ

ಇನ್ನು ಅವರ ಮಾತೇ ನಡೆಯಬೇಕು. ಏನು ಮಾಡುತ್ತಾರೆ ಅಂತ ಗೊತ್ತಿದ್ದರೆ ಅಡ್ಡ ಬರದೆ ಸಹಾಯ ಮಾಡಬಹುದು. ಮೀಟರ್ ಸರಿಯಾಗಿ ಓಡುತ್ತಿದೆಯಾ, ಬ್ಯಾಟರಿ ಇದೆಯಾ ಅಂತ ದೂರದಲ್ಲೇ ನೋಡಿಕೊಂಡು, ಮೀಟರ್ ಮುಂದೆ ಹಿಡಿದು ನಿಧಾನವಾಗಿ ಹತ್ತಿರ ಬರುತ್ತಾರೆ. ಶೀಲ್ಡ್ ಸರಿ ಇದ್ದರೆ 1 ಮೀಟರ್‌ನಲ್ಲಿ ಕೆಲವೇ ಮೈಕ್ರೋಸೀವರ್ಟ್ ತೋರಿಸಬೇಕು. 30ರ ಹತ್ತಿರ ಹೋದರೆ ತುದಿ ಬಯಲಲ್ಲಿದೆ ಅಂತ ಅರ್ಥ. ಏನೂ ತೋರಿಸದಿದ್ದರೆ ಖುಷಿ ಪಡಬೇಡಿ, ಸೋರ್ಸ್ ಅಲ್ಲಿ ಇಲ್ಲ, ಬೇರೆ ಎಲ್ಲೋ ಇದೆ ಅಂತಲೂ ಅರ್ಥ ಇರಬಹುದು. ಆಗ ರೋಲರ್ ಡ್ರಮ್, ಟಿಪ್ಪರ್ ಚಕ್ರ, ಸುತ್ತಲಿನ ಜಲ್ಲಿ ಎಲ್ಲವನ್ನೂ ಅಳೆಯಬೇಕಾಗುತ್ತದೆ.

ತುದಿ ಬಯಲಲ್ಲಿದ್ದರೆ ಸಾಮಾನ್ಯವಾಗಿ ಮೊದಲು ಮರೆ ಮಾಡುತ್ತಾರೆ: ಮರಳಿನ ಚೀಲ, ಸೀಸದ ಹಾಳೆ, ಸೀಸದ ಗುಂಡು ತುಂಬಿದ ಬಕೆಟ್. ಸೀಸಿಯಂ ಕಿರಣವನ್ನು ಅರ್ಧಕ್ಕೆ ಇಳಿಸಲು ಆರೇಳು ಮಿಲಿಮೀಟರ್ ಸೀಸ ಸಾಕು, ಕಾಂಕ್ರೀಟ್ ಆದರೆ 5 ಸೆಂಟಿಮೀಟರ್ ಹತ್ತಿರ ಬೇಕು. ನ್ಯೂಟ್ರಾನ್‌ಗೆ ಸೀಸ ಉಪಯೋಗ ಇಲ್ಲ, ನೀರು, ಮೇಣ, ದಪ್ಪ ಪ್ಲಾಸ್ಟಿಕ್‌ನಂಥದ್ದು ಬೇಕು. ಮರಳು, ಖಾಲಿ ಚೀಲ, ಉದ್ದ ಹಿಡಿಯ ಸಲಿಕೆ, ಮುಚ್ಚಳ ಇರುವ ಗಟ್ಟಿ ಡ್ರಮ್ ಇವನ್ನು ಟೇಪ್‌ನ ಹೊರಗೆ ತಂದಿಟ್ಟರೆ ನಿಮ್ಮ ಕೆಲಸ ಮುಗಿಯಿತು. ಗ್ಯಾಸ್ ಕಟರ್ ತರಬೇಡಿ. ಬಾಗಿದ ರಾಡ್ ಕತ್ತರಿಸಿದರೆ ಪೆಟ್ಟಿಗೆಗೆ ಹಿಡಿಸುತ್ತದೆ ಅನ್ನುವ ಐಡಿಯಾ ಯಾರಿಗಾದರೂ ಹೊಳೆದೇ ಹೊಳೆಯುತ್ತದೆ, ಫ್ಯಾಬ್ರಿಕೇಷನ್ ಯಾರ್ಡ್ ಪಕ್ಕದಲ್ಲೇ ಇರುತ್ತದಲ್ಲ. ಆ ಐಡಿಯಾದವನನ್ನು ಚಹಾ ತರಲು ಕಳಿಸಿ.

ಮಷಿನ್ ಡ್ರಮ್ಮಿಗೆ ಹೋದ ಮೇಲೆ ಖಾಲಿ ಜಾಗವನ್ನು, ರೋಲರನ್ನು, ಜನರ ಬೂಟುಗಳನ್ನು ಮತ್ತೆ ಅಳೆಯುತ್ತಾರೆ. ಮಷಿನ್ ಮೇಲ್ಮೈಯನ್ನು ಹತ್ತಿ ಅಥವಾ ಫಿಲ್ಟರ್ ಪೇಪರ್‌ನಿಂದ ಒರೆಸಿ ಲೀಕ್ ಟೆಸ್ಟ್‌ಗೆ ಕಳಿಸುತ್ತಾರೆ. ಅದರಲ್ಲಿ 0.005 ಮೈಕ್ರೋಕ್ಯೂರಿ, ಅಂದರೆ 185 ಬೆಕೆರೆಲ್‌ಗಿಂತ ಜಾಸ್ತಿ ಬಂದರೆ ಸಾಮಾನ್ಯವಾಗಿ ಕ್ಯಾಪ್ಸೂಲ್ ಸೋರುತ್ತಿದೆ ಅಂತ ಲೆಕ್ಕ. ಎಲ್ಲ ಸರಿ ಬಂದು, ಆರ್‌ಎಸ್‌ಒ ಬರೆದು ಕೊಟ್ಟ ಮೇಲೆ ರೋಲರ್ ಸ್ಟಾರ್ಟ್ ಮಾಡಿ.

ಕೆಟ್ಟ ಗೇಜ್ ಎಲ್ಲಿಗೆ ಹೋಗಬೇಕು

ಸ್ಟೋರ್‌ನ ಮೂಲೆಗಂತೂ ಅಲ್ಲ. ಪ್ರಾಜೆಕ್ಟ್ ಮುಗಿದು ಕ್ಯಾಂಪ್ ಎತ್ತುವಾಗ ಸ್ಟೋರ್‌ನ ಹಳೇ ಕಬ್ಬಿಣವೆಲ್ಲ ಗುಜರಿಗೆ ಹೋಗುತ್ತದೆ, ಅದರ ಜೊತೆ ಇದೂ ಹೋಗುತ್ತದೆ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಆದದ್ದು ಹೀಗೆಯೇ. ವಿಶ್ವವಿದ್ಯಾಲಯದ ಹಳೇ ಪ್ರಯೋಗ ಯಂತ್ರ ಹರಾಜಿನಲ್ಲಿ ಹೋಯಿತು, ಅದರೊಳಗೆ ಕೋಬಾಲ್ಟ್-60 ಇದೆ ಅಂತ ಬಿಚ್ಚಿದವರಿಗೆ ಗೊತ್ತಿರಲಿಲ್ಲ, ಹಲವರಿಗೆ ಗಾಯವಾಗಿ ಒಬ್ಬರು ಸತ್ತರು. ಅದು ಗೇಜ್‌ಗಿಂತ ಎಷ್ಟೋ ದೊಡ್ಡ ಸೋರ್ಸ್, ನಿಜ. ಆದರೆ ದಾರಿ ತಪ್ಪಿದ ರೀತಿ ಅದೇ. ಗೇಜ್ ಸಪ್ಲೈಯರ್‌ಗೆ ಅಥವಾ ಎಇಆರ್‌ಬಿ ಹೇಳಿದ ಕಡೆಗೆ, ಅವರ ಅನುಮತಿ ಪಡೆದು, ಲೈಸೆನ್ಸಿನ ಕೆಲಸವೆಲ್ಲ ನಡೆಯುವ ಎಇಆರ್‌ಬಿ ಆನ್‌ಲೈನ್ ವ್ಯವಸ್ಥೆಯಾದ ಇ-ಲೋರಾದಲ್ಲೇ ದಾಖಲು ಮಾಡಿ ಕಳಿಸಬೇಕು.

ಕಳಿಸುವಾಗ ಗಾಡಿಯಲ್ಲಿ ಕಟ್ಟುವುದನ್ನು ಸಸಾರ ಮಾಡಬೇಡಿ. 2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಗಣಿಯ ಒಂದು ಗೇಜ್ ಲಾರಿಯಲ್ಲಿ ಹೋಗುವಾಗ ಅಲುಗಾಟಕ್ಕೆ ಬೋಲ್ಟ್ ಬಿಚ್ಚಿ, 8 ಮಿಲಿಮೀಟರ್ ಉದ್ದದ ಸೀಸಿಯಂ ಕ್ಯಾಪ್ಸೂಲ್ ತೂತಿನಿಂದ ರಸ್ತೆಗೆ ಬಿತ್ತು. ಸುಮಾರು 1400 ಕಿಲೋಮೀಟರ್ ದಾರಿ ಹುಡುಕಿ, ಕೊನೆಗೆ ಫೆಬ್ರವರಿ 1ರಂದು ರಸ್ತೆ ಬದಿಯಲ್ಲಿ ಸಿಕ್ಕಿತು. ಅವರದ್ದು ಒಳ್ಳೆಯ ರಸ್ತೆ. ನಮ್ಮ ಡೈವರ್ಷನ್‌ಗಳ ಮೇಲೆ ಗಾಡಿ ಹೇಗೆ ಕುಣಿಯುತ್ತದೆ ಅಂತ ನಿಮಗೇ ಗೊತ್ತು.

ಹೀಗೆ ಆಗದ ಹಾಗೆ ಮಾಡಬೇಕಾದದ್ದು ಬಹಳ ಇಲ್ಲ. ಗೇಜ್ ನೆಲದ ಮೇಲೆ ಇದ್ದಷ್ಟು ಹೊತ್ತು ಆಪರೇಟರ್ ಅದರ ಪಕ್ಕ ಇರಬೇಕು. ಎದುರಿನ ಅಂಗಡಿಯಲ್ಲಿ ಗಿರ್ಮಿಟ್-ಮಿರ್ಚಿ ಬಿಸಿ ಇದೆ ಅಂತ ಐದು ನಿಮಿಷ ಹೋಗುವುದಾದರೂ ಮಷಿನ್ ಪೆಟ್ಟಿಗೆಗೆ ಹಾಕಿ, ಬೀಗ ಹಾಕಿ, ಗಾಡಿಗೆ ಸರಪಳಿ ಬಿಗಿದು ಹೋಗಬೇಕು. ಟೆಸ್ಟ್ ಮಾಡುವಾಗ ಸುತ್ತ ಎರಡಾದರೂ ಎತ್ತರದ ಕೋನ್ ಇರಲಿ. ಕೂತ ಆಪರೇಟರ್‌ಗೆ ಡ್ರಮ್‌ನ ಮುಂದೆ ಮಂಡಿ ಎತ್ತರಕ್ಕಿಂತ ಕೆಳಗಿನದು ಕಾಣುವುದೇ ಇಲ್ಲ, ಒಮ್ಮೆ ನೀವೇ ಆ ಸೀಟಿನಲ್ಲಿ ಕೂತು ನೋಡಿ. ರೋಲರ್‌ನವರಿಗೆ ಕೈಸನ್ನೆ ಮಾಡಿ ನಿಲ್ಲಿಸಿ, ಅವರು ತಲೆ ಆಡಿಸಿದ ಮೇಲೇ ಮಷಿನ್ ಇಳಿಸಿ. ಪ್ರತಿ ರೀಡಿಂಗ್ ಆದ ಮೇಲೆ ಹ್ಯಾಂಡಲ್ ಮೇಲೆತ್ತಿ ಟಕ್ ಸದ್ದು ಕೇಳಿಸಿಕೊಳ್ಳಿ. ಕೇಳದಿದ್ದರೆ ತಳ ನೋಡಲು ಮಷಿನ್ ನಿಮ್ಮ ಕಡೆ ತಿರುಗಿಸಬೇಡಿ, ನೆಲದ ಮೇಲೇ ಬಿಟ್ಟು ದೂರ ಬಂದು ಆರ್‌ಎಸ್‌ಒಗೆ ಹೇಳಿ. ರಾತ್ರಿ ಲಾಡ್ಜ್ ಮುಂದೆ ನಿಲ್ಲಿಸಿದ ಪಿಕಪ್‌ನಲ್ಲಿ ಗೇಜ್ ಬಿಡಬೇಡಿ, ಅದಕ್ಕೆ ಒಪ್ಪಿಗೆ ಪಡೆದ ಸ್ಟೋರೇಜ್ ಜಾಗ ಇರುತ್ತದೆ, ಅಲ್ಲಿಗೇ ಒಯ್ಯಿರಿ. ಬೆಳಿಗ್ಗೆ ನೋಡಿದಾಗ ಪೆಟ್ಟಿಗೆ ಇಲ್ಲ ಅಂದರೆ ಅಕ್ಕಪಕ್ಕ ವಿಚಾರಿಸುತ್ತಾ ಮಧ್ಯಾಹ್ನ ಮಾಡಬೇಡಿ, ಆರ್‌ಎಸ್‌ಒಗೆ ಹೇಳಿ, ಕೂಡಲೇ ಪೊಲೀಸ್ ಕಂಪ್ಲೇಂಟ್ ಕೊಟ್ಟು ಎಇಆರ್‌ಬಿಗೂ ತಿಳಿಸಿ. ಪೆಟ್ಟಿಗೆಯ ಫೋಟೋ ಒಂದು ನಿಮ್ಮ ಫೋನಿನಲ್ಲಿ ಮೊದಲೇ ಇರಲಿ, ವಿಕಿರಣದ ಮೂರು ರೆಕ್ಕೆಯ ಗುರುತು ಮತ್ತು ಸೀರಿಯಲ್ ನಂಬರ್ ಕಾಣುವ ಹಾಗೆ. ಠಾಣೆಯಲ್ಲಿ ಬಾಯಲ್ಲಿ ವಿವರಿಸುವುದಕ್ಕಿಂತ ಅದನ್ನು ತೋರಿಸಿದರೆ ಕೆಲಸ ಬೇಗ ಆಗುತ್ತದೆ.